ಗಾಡಿಗೂ ಒಂದು ತಿರುಗಾಟ

ಉಡುಪಿಯಿಂದ ಹೆಬ್ರಿ, ಆಗುಂಬೆಯ ಕಡೆ ಹೋಗುವವರು ಮಣಿಪಾಲ, ಪರ್ಕಳ, ಹಿರಿಯಡ್ಕ ದಾಟಿದ ಮೇಲೆ ಪೆರ್ಡೂರಿಗೆ ಬರುತ್ತಾರೆ. ಬಸ್ಸಿನಲ್ಲಿ ಕೂತವರಿಗೆ ನಮ್ಮ ಊರು ನಾಲ್ಕೈದು ನಿಮಿಷದ್ದು. ಒಂದಷ್ಟು ಅಂಗಡಿ, ಒಂದು ತಿರುವು, ಅಡಿಕೆ ತೋಟ, ಅಷ್ಟೇ. ಇಳಿದವರಿಗೆ ಅನಂತಪದ್ಮನಾಭ ದೇವಸ್ಥಾನ ಉಂಟು. ನಮ್ಮ ದೇವರು ಕದಳೀಪ್ರಿಯ, ಅಂದರೆ ಬಾಳೆಹಣ್ಣೆಂದರೆ ಪ್ರೀತಿ. ಆಟಿ ತಿಂಗಳು ಮುಗಿದು ಬರುವ ಸಿಂಹ ಸಂಕ್ರಮಣಕ್ಕೆ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಹಣ್ಣು ಒಪ್ಪಿಸುತ್ತಾರೆ. ಅದಕ್ಕೆ ಮದುಮಕ್ಕಳ ಜಾತ್ರೆ ಎಂದೇ ಹೆಸರು. ಅಂದು ಪೇಟೆಯ ಉದ್ದಕ್ಕೂ ಕಾರುಗಳ ಸಾಲು. ಮದುಮಕ್ಕಳಂತೆಯೇ ಕಾರುಗಳೂ ಹೊಸತು, ಮೈ ಮೇಲೆ ಇನ್ನೂ ಒಂದು ಗೀರಿಲ್ಲ. ನೋಡುವಾಗ ನನಗೆ ಅನಿಸುವುದುಂಟು, ಇವುಗಳಲ್ಲಿ ಎಷ್ಟಕ್ಕೆ ವರ್ಷದೊಳಗೆ ಗ್ಯಾರೇಜಿನ ದಾರಿ ಬಾಯಿಪಾಠವಾಗುತ್ತದೋ ಎಂದು.

ನಮ್ಮ ಗಾಡಿಗೆ ಅದು ಬಾಯಿಪಾಠವಾಗಿತ್ತು.

ಬೆಂಗಳೂರಿನಲ್ಲಿದ್ದ ಮಗ 2021ರ ಫೆಬ್ರವರಿಯಲ್ಲಿ ಕೊಂಡ ಡೀಸೆಲ್ ಗಾಡಿ ಅದು. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಊರಿಗೆ, ಊರಿನಿಂದ ಬೆಂಗಳೂರಿಗೆ ಎಂದು ಓಡುತ್ತಿದ್ದ ಕಾಲದಲ್ಲಿ ಅದಕ್ಕೊಂದು ಶೀತವೂ ಆದದ್ದಿಲ್ಲ. 2022ರ ಜೂನ್‌ನಲ್ಲಿ ಅವನಿಗೆ ಹೊರದೇಶದಲ್ಲಿ ಕೆಲಸವಾಯಿತು. “ಅಪ್ಪ, ಈಗ ಮಾರಿದ್ರೆ ತುಂಬಾ ನಷ್ಟ. ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕಾದ್ರೂ ಆಗ್ತದೆ, ಇಲ್ಲೇ ಇರ್ಲಿ” ಎಂದು ಅಂಗಳದಲ್ಲಿ ನಿಲ್ಲಿಸಿ ಹೋದ. ಬೆಂಗಳೂರಿನಲ್ಲಿ ಒಮ್ಮೆ ಪೂಜೆಯಾಗಿತ್ತಾದರೂ ಇಲ್ಲಿಯೂ ದೇವಸ್ಥಾನದ ಎದುರು ಇನ್ನೊಮ್ಮೆ ಮಾಡಿಸಿದೆವು. ನಾಲ್ಕು ಚಕ್ರದಡಿ ನಾಲ್ಕು ಲಿಂಬೆಹುಳಿ, ಮುಂದೆ ಒಂದು ತೆಂಗಿನಕಾಯಿ, ದೇವರಿಗೆ ಬಾಳೆಹಣ್ಣು.

ನನ್ನ ಹೆಂಡತಿಗೆ ಉಬ್ಬಸ. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಬೇಕು. ರಾತ್ರಿ ಕೆರಳಿದರೆ ಬಸ್ಸು ಕಾಯುವ ಹಾಗಿಲ್ಲ. ಹಾಗಾಗಿ ಅಂಗಳದಲ್ಲಿ ಒಂದು ಗಾಡಿ ಇದೆ ಎನ್ನುವುದು ನಮಗೆ ದೊಡ್ಡ ಧೈರ್ಯ. ಉಳಿದಂತೆ ಅದರ ಓಡಾಟವೆಂದರೆ ಪೇಟೆಗೆ, ದೇವಸ್ಥಾನಕ್ಕೆ, ಸೊಸೈಟಿಗೆ, ಹಿರಿಯಡ್ಕದ ಮಗಳ ಮನೆಗೆ. ಮಗಳ ಮಗಳು ಏಳನೇ ಕ್ಲಾಸು. ಶನಿವಾರ ಮಧ್ಯಾಹ್ನ ನಮ್ಮಲ್ಲಿಗೆ ಬಂದರೆ ಸೋಮವಾರ ಬೆಳಿಗ್ಗೆಯವರೆಗೆ ಇಲ್ಲೇ. ಈ ಕಥೆಯಲ್ಲಿ ಅವಳಿಗೆ ದೊಡ್ಡ ಪಾತ್ರವುಂಟು.

2022ರ ಡಿಸೆಂಬರಿನಲ್ಲಿ ಮೊದಲ ಬಾರಿ ಎದುರಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಗಾಡಿ ಸರಿಯಾಗಿಯೇ ಓಡುತ್ತಿತ್ತು. ಸರ್ವಿಸ್ ಸ್ಟೇಶನ್ನಿಗೆ ಒಯ್ದೆ. ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಹುಡುಗರು ಮರ್ಯಾದೆಯವರೇ, ಕಾಫಿಯನ್ನೂ ಕೊಡುತ್ತಾರೆ. ಒಬ್ಬ ಸ್ಕ್ಯಾನರ್ ಸಿಕ್ಕಿಸಿ ಏನೋ ಒತ್ತಿದ, ದೀಪ ಆರಿತು. “ಕೋಡ್ ಕ್ಲಿಯರ್ ಮಾಡಿದ್ದೇನೆ ಸರ್, ಇನ್ನು ಬರುವುದಿಲ್ಲ.” ಫೆಬ್ರವರಿಯಲ್ಲಿ ಬಂತು. ಕೈಪಿಡಿಯಲ್ಲಿ ಈ ದೀಪದ ಬಗ್ಗೆ ಅರ್ಧ ಪುಟ ಬರೆದಿದ್ದರು, ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ ಎಂದು. ಅದರಂತೆ ಹೆಬ್ರಿಗೆ ಹೋಗಿ ಬಂದೆ. ದೀಪ ಆರಿತು, ಹತ್ತು ದಿನಕ್ಕೆ ಪುನಃ ಹತ್ತಿತು. ಈ ಸಲ ಗಾಡಿಯನ್ನು ನಿಲ್ಲಿಸಿಯೇ ಎಂಜಿನನ್ನು ಜೋರಾಗಿ ಓಡಿಸಿ ಏನೋ ಸುಟ್ಟರು. ಏಪ್ರಿಲಿನಲ್ಲಿ ಮತ್ತೆ. ಸಾಫ್ಟ್‌ವೇರ್ ಹೊಸತು ಹಾಕಿದರು. ಈ ಮಧ್ಯೆ ಜನವರಿಯಲ್ಲಿ ಬ್ಯಾಟರಿ ಮಲಗಿತು. ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಇಲಿ ವಯರು ಕಡಿಯಿತು. ಇಲಿಯದ್ದು ಯಾರ ತಪ್ಪೂ ಅಲ್ಲ. ಮಳೆಗಾಲದಲ್ಲಿ ಬಿಸಿ ಎಂಜಿನಿನಷ್ಟು ಬೆಚ್ಚಗಿನ ಹಾಸಿಗೆ ಅದಕ್ಕೆ ಬೇರೆಲ್ಲಿ ಸಿಗಬೇಕು? ಒಬ್ಬರು ನುಸಿಗುಳಿಗೆ ಕಟ್ಟಿ ಎಂದರು, ಇನ್ನೊಬ್ಬರು ಹೊಗೆಸೊಪ್ಪು ಇಡಿ ಎಂದರು. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಬೆಕ್ಕು. ಅದು ರಾತ್ರಿ ಕಾರಿನ ಅಡಿ ಮಲಗಲು ಶುರುಮಾಡಿದ ಮೇಲೆ ವಯರಿನ ತೊಂದರೆ ಇಲ್ಲ.

ಆದರೆ ಹಳದಿ ದೀಪಕ್ಕೆ ಬೆಕ್ಕಿನ ಹೆದರಿಕೆ ಇರಲಿಲ್ಲ.

2023ರ ಜುಲೈ, ಆಟಿ ಹಿಡಿದಿತ್ತು. ನಮ್ಮ ಆಟಿಯ ಮಳೆ ಗೊತ್ತಲ್ಲ, ಸುರಿಯಲು ಶುರುವಾದರೆ ಎದುರು ಮನೆಯ ಬೆಳಕು ಕಾಣುವುದಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಇವಳಿಗೆ ಉಸಿರು ಸಿಕ್ಕಿಕೊಂಡಿತು. ಪಂಪಿನ ಮದ್ದು ಎಳೆದರೂ ಇಳಿಯಲಿಲ್ಲ. ಕೂರಿಸಿಕೊಂಡು ಹೊರಟೆ. ಹಿರಿಯಡ್ಕ ದಾಟಿದೆವು, ಪರ್ಕಳ ಬಂತು. ಅಲ್ಲಿಂದ ಮಣಿಪಾಲಕ್ಕೆ ಏರು. ಏರಿನ ನಡುವೆ ಹಳದಿ ದೀಪದ ಜತೆ ಇನ್ನೊಂದು ಹತ್ತಿತು, ಗಾಡಿಯ ಶಕ್ತಿಯೇ ಹೋಯಿತು. ಎಂಜಿನ್ ನಿಂತಿರಲಿಲ್ಲ. ಆದರೆ ಎಷ್ಟು ತುಳಿದರೂ ಜೋರು ಬರುವುದಿಲ್ಲ, ಮುದಿ ಎತ್ತು ಗದ್ದೆಯ ನಡುವೆ ನಿಂತು ನೋಡಿದ ಹಾಗೆ. ತನಗೆ ಹಾನಿಯಾಗದಿರಲೆಂದು ಎಂಜಿನು ತಾನೇ ಶಕ್ತಿ ಇಳಿಸಿಕೊಳ್ಳುವ ವ್ಯವಸ್ಥೆಯಂತೆ ಅದು. ಪಕ್ಕದಲ್ಲಿ ಕೂತವಳಿಗೆ ಹಾನಿಯಾದೀತೆಂದು ಅದಕ್ಕೆ ಹೇಳುವವರು ಯಾರು? ಹಿಂದಿನಿಂದ ಬಂದ ರಿಕ್ಷಾದವರು ನಿಲ್ಲಿಸಿದರು. “ಎಂತಾಯ್ತು ಅಜ್ಜೆರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇವಳನ್ನು ಹಿಡಿದು ರಿಕ್ಷಾಕ್ಕೆ ಹತ್ತಿಸಿದರು. ಬಾಡಿಗೆ ಎಷ್ಟು ಕೊಟ್ಟರೂ ಮುಟ್ಟಲಿಲ್ಲ. ಆ ಹುಡುಗನ ಹೆಸರು ಕೇಳಲೂ ಅಂದು ನನಗೆ ಸಮಯವಿರಲಿಲ್ಲ.

ಇವಳು ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಗಾಡಿ ಲಾರಿ ಏರಿ ಸರ್ವಿಸ್ ಸ್ಟೇಶನ್ನಿಗೆ ಹೋಗಿ ಆರು ದಿನಕ್ಕೆ ಬಂತು. ಏನಾಗಿತ್ತು ಎಂದು ಕೇಳಿದರೆ ಅದೇ ಮಾತು, ಕೋಡ್ ಕ್ಲಿಯರ್ ಆಗಿದೆ ಸರ್. ಆಗಸ್ಟಿನಲ್ಲಿ ದೀಪ ಮತ್ತೆ ಹತ್ತಿತು. ಆ ಸಲ ಕೌಂಟರಿನಲ್ಲಿ ಕೂತಿದ್ದವ ಹೊಸಬ. “ಯಾವಾಗಿಂದ ಈ ಪ್ರಾಬ್ಲಂ, ಅಂಕಲ್?” ಎಂದು ಕೇಳಿದ.

ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನ ಲೆಜರಿನ ಮುಂದೆ ಕೂತವನಿಗೆ ಆ ಪ್ರಶ್ನೆಯಿಂದ ರೋಗ ಅರ್ಥವಾಯಿತು. ಗಾಡಿಯದ್ದಲ್ಲ, ಸರ್ವಿಸ್ ಸ್ಟೇಶನ್ನಿನದ್ದು. ನಮ್ಮ ಲೆಜರಿನಲ್ಲಿ ಪುಟ ತಿರುಗಿಸಿದರೆ ಮೊದಲ ಸಾಲಿನಲ್ಲಿ ‘ಹಿಂದಿನ ಪುಟದಿಂದ ತಂದದ್ದು’ ಎಂದು ಬರೆದು ಬಾಕಿಯನ್ನು ಎಳೆದು ತರಬೇಕು. ಅದನ್ನು ತಾರದ ಪುಟ ಎಷ್ಟು ಚಂದ ಇದ್ದರೂ ಸುಳ್ಳು. ಅಲ್ಲಿಯಾದರೋ ಪ್ರತಿ ಸಲವೂ ಹೊಸ ಜಾಬ್ ಕಾರ್ಡು, ಹೊಸ ನಂಬರು, ಹೊಸ ಹುಡುಗ. ಐದು ಸಲ ಹೋದ ಗಾಡಿ ಅವರ ಲೆಕ್ಕದಲ್ಲಿ ಐದು ಬೇರೆ ಬೇರೆ ಗಾಡಿ. ದೀಪ ಆರಿದರೆ ಕಾರ್ಡು ಮುಚ್ಚುತ್ತದೆ, ಕಾರ್ಡು ಮುಚ್ಚಿದರೆ ಕೆಲಸ ಮುಗಿಯಿತು. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗಬೇಕೆಂದು ಅವರ ಮೇಲೂ ಯಾರೋ ಕೂತಿರುತ್ತಾರೆ.

ಪೆರ್ಡೂರು ಪೇಟೆಯ ಅಂಗಡಿಯಿಂದ ಉದ್ದದ ಲೆಕ್ಕದ ಪುಸ್ತಕ ತಂದೆ. ಹಳೆಯ ಬಿಲ್ಲು, ಜಾಬ್ ಕಾರ್ಡುಗಳನ್ನೆಲ್ಲ ತಾರೀಕಿನಂತೆ ಜೋಡಿಸಿದೆ. ಡಿಸೆಂಬರಿನಿಂದ ಆಗಸ್ಟಿನವರೆಗೆ ಏಳು ಸಲ, ಅದರಲ್ಲಿ ಐದು ಇದೇ ದೀಪಕ್ಕೆ. ಒಟ್ಟು ಗಾಡಿ ಅಲ್ಲಿ ಕಳೆದ ದಿನ ಹತ್ತೊಂಬತ್ತು. ಮುಂದಿನದ್ದಕ್ಕೆ ಮನೆಯಲ್ಲೇ ಗೆರೆ ಎಳೆದು ಕಾಲಂ ಮಾಡಿದೆವು. ಹೊರಟ ಹೊತ್ತು, ಹೋದ ಜಾಗ, ಓಡಿದ ಕಿಲೋಮೀಟರು, ದೀಪ ಉಂಟೋ ಇಲ್ಲವೋ. ಮೊಮ್ಮಗಳು ನೋಡಿ, “ಅಜ್ಜ, ಎಣ್ಣೆಯದ್ದೂ ಬರೆಯುವ” ಎಂದಳು. ಶಾಲೆಯಲ್ಲಿ ಆಗ ಅವರಿಗೆ ಮಳೆ ಅಳೆಯುವ ಪಾಠವಾಗಿತ್ತು, ಕಂಡದ್ದನ್ನೆಲ್ಲ ಅಳೆಯುವ ಉಮೇದು. ಆಗಲಿ ಎಂದೆ. ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಗಾಡಿ ಸಮತಟ್ಟು ಜಾಗದಲ್ಲಿರುವಾಗ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಒರಸಿ ಪುನಃ ಅದ್ದಿ ತೆಗೆಯುವುದು. ಅವಳು ಕಂಪಾಸು ಪೆಟ್ಟಿಗೆಯ ಸ್ಕೇಲು ಹಿಡಿದು ಮೇಲಿನ ಗೆರೆಯಿಂದ ಎಷ್ಟು ಮಿಲಿಮೀಟರ್ ಎಂದು ಹೇಳುವುದು, ನಾನು ಬರೆಯುವುದು.

ಮೊದಲ ಭಾನುವಾರ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿತ್ತು. ಎರಡನೆಯ ವಾರ ಗೆರೆಗಿಂತ ಎರಡು ಮಿಲಿಮೀಟರ್ ಮೇಲೆ. “ಸರಿಯಾಗಿ ನೋಡು” ಎಂದೆ. ಸರಿಯಾಗಿಯೇ ನೋಡಿದ್ದಳು. ಮೂರನೆಯ ವಾರ ನಾಲ್ಕು, ನಾಲ್ಕನೆಯ ವಾರ ಏಳು.

ಎಂಜಿನಿನ ಎಣ್ಣೆ ದಿನ ಕಳೆದಂತೆ ಸ್ವಲ್ಪ ಕಡಿಮೆಯಾಗುವುದು ಸಹಜ. ನಾವು ಒಂದು ತೊಟ್ಟೂ ಹೊಯ್ಯದೆ ಅದು ಹೆಚ್ಚಾಗುವುದು ಹೇಗೆ? ಮೊಮ್ಮಗಳು ಖುಷಿಯಿಂದ “ಅಕ್ಷಯ ಪಾತ್ರೆ!” ಎಂದಳು. ನನಗೆ ಖುಷಿಯಾಗಲಿಲ್ಲ. ಖಾತೆಗೆ ಯಾರೂ ಹಣ ಕಟ್ಟದೆ ಶಿಲ್ಕು ಹೆಚ್ಚಾಗಿದೆ ಎಂದರೆ ಬ್ಯಾಂಕಿನವನ ಎದೆ ಧಸಕ್ಕೆನ್ನುತ್ತದೆ. ಎಲ್ಲಿಯದ್ದೋ ಇಲ್ಲಿಗೆ ಬಂದಿದೆ ಎಂದೇ ಅರ್ಥ.

ನಮ್ಮ ಪೇಟೆಯ ಹಳೆಯ ಮೆಕ್ಯಾನಿಕರಲ್ಲಿ ಹೇಳಿದೆ. ಅವರು ಕಡ್ಡಿಯ ತುದಿಯನ್ನು ಮೂಸಿ, ಬೆರಳಲ್ಲಿ ಉಜ್ಜಿ ನೋಡಿದರು. “ರಾಯರೇ, ಇದ್ರಲ್ಲಿ ಡೀಸೆಲ್ ಸೇರಿದೆ. ತೆಳುವಾಗಿದೆ ನೋಡಿ. ಇಂಥ ಎಣ್ಣೆಯಲ್ಲಿ ಓಡಿಸಿದ್ರೆ ಎಂಜಿನ್ ಸವೀತದೆ. ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ, ಕಂಪ್ಯೂಟರಿನದ್ದು. ಆದ್ರೆ ಇದನ್ನು ಬರೆದು ಕೊಡಿ, ಬಾಯಲ್ಲಿ ಹೇಳ್ಬೇಡಿ.” ಮತ್ತೆ ಒಂದು ಮಾತು ಹೇಳಿದರು. “ನಮ್ಮ ಮೇಳದ ಗಾಡಿಗಳನ್ನು ನೋಡಿ. ದಿನಾ ರಾತ್ರಿ ಒಂದೂರಿಂದ ಇನ್ನೊಂದೂರಿಗೆ ರಂಗಸ್ಥಳ ಹೊತ್ತು ಓಡ್ತವೆ. ಓಡುವ ಗಾಡಿಗೆ ಕಾಯಿಲೆ ಕಡಿಮೆ. ನಿಂತದ್ದಕ್ಕೇ ಹೆಚ್ಚು.” ಪೆರ್ಡೂರು ಮೇಳದ ಹೆಸರು ಕೇಳದ ಯಕ್ಷಗಾನದವರಿಲ್ಲ. ಮಳೆ ಮುಗಿದ ಮೇಲೆ ಹೊರಟರೆ ಮುಂದಿನ ಮಳೆಗಾಲದವರೆಗೆ ಅವರದು ತಿರುಗಾಟವೇ.

ಮಕ್ಕಳೇ, ಈ ಹಳದಿ ದೀಪದ ಒಳಗಿನ ವಿಷಯ ಸ್ವಾರಸ್ಯದ್ದು, ಸ್ವಲ್ಪ ಕೇಳಿ. ಬಚ್ಚಲ ಒಲೆಗೆ ಹಸಿ ಮಡಲು ಹಾಕಿದರೆ ಕಪ್ಪು ಹೊಗೆ ಬಂದು ಮಾಡಿಗೆಲ್ಲ ಇಲ್ಲಣ ಹಿಡಿಯುತ್ತದಲ್ಲ, ಡೀಸೆಲ್ ಉರಿದಾಗಲೂ ಅಂಥದ್ದೇ ಮಸಿ ಬರುತ್ತದೆ. ಬಹಳ ಸಣ್ಣ ಕಣಗಳು, ಉಸಿರಿನ ಜತೆ ಶ್ವಾಸಕೋಶದ ಒಳಗೇ ಇಳಿಯುವಂಥವು. ಉಬ್ಬಸದವರಿಗೆ ಇದು ವಿಷ. ಅದಕ್ಕೇ ಸರಕಾರ 2020ರ ಏಪ್ರಿಲ್ 1ರಿಂದ ಬಿಎಸ್-6 ಎನ್ನುವ ನಿಯಮ ತಂದಿತು. ಬಿಎಸ್-4ರಿಂದ ಐದನ್ನು ಹಾರಿ ನೇರ ಆರಕ್ಕೆ. ಮೊದಲು ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು, ಈಗ ನಾಲ್ಕೂವರೆ ಮಾತ್ರ. (ಅದೇ ಏಪ್ರಿಲ್ 1ರಂದೇ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಕಡೆಯ ಬ್ಯಾಂಕಿನವರು ಆ ದಿನವನ್ನು ಮಸಿಯ ಲೆಕ್ಕಕ್ಕಾಗಿ ನೆನಪಿಟ್ಟುಕೊಂಡವರಲ್ಲ.)

ಮಸಿಯನ್ನು ತಡೆಯಲು ಹೊಗೆ ಕೊಳವೆಯ ನಡುವೆ ಜೇನುಗೂಡಿನಂಥ ಒಂದು ಸೋಸುಕ ಇಟ್ಟಿದ್ದಾರೆ, ಡಿಪಿಎಫ್ ಎನ್ನುತ್ತಾರೆ. ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಬುತ್ತಾ ಬಂದ ಹಾಗೆ ಅದನ್ನು ಸುಟ್ಟು ಬೂದಿ ಮಾಡಬೇಕು. ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಗಾಡಿ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ಸಮ ಓಡಿದರೆ ಈ ಕೆಲಸ ತನ್ನಷ್ಟಕ್ಕೆ ಆಗುತ್ತದೆ. ಶಾಖ ಸಾಲದಿದ್ದರೆ ಎಂಜಿನು ಸ್ವಲ್ಪ ಹೆಚ್ಚಿನ ಡೀಸೆಲ್ ಚಿಮ್ಮಿಸಿ ಬಿಸಿ ಏರಿಸಲು ನೋಡುತ್ತದೆ. ಅಷ್ಟರಲ್ಲಿ ಸೊಸೈಟಿ ಬಂತು, ಅಜ್ಜ ಕೀಲಿ ತಿರುಗಿಸಿ ಇಳಿದ. ಸುಡುವ ಕೆಲಸ ಅರ್ಧಕ್ಕೆ ನಿಂತಿತು. ಉರಿಯದೆ ಉಳಿದ ಡೀಸೆಲಿನಲ್ಲಿ ಒಂದಷ್ಟು ಇಳಿದು ಎಣ್ಣೆಗೆ ಸೇರಿತು. ಇದೇ ನಮ್ಮ ಅಕ್ಷಯ ಪಾತ್ರೆ.

ಇಷ್ಟಾದರೂ ನನಗೊಂದು ಸಂಶಯ ಉಳಿದಿತ್ತು. ಹೆಬ್ರಿಗೆ ಹೋಗಿ ಬಂದಾಗ ಗಾಡಿ ಚೆನ್ನಾಗಿ ಓಡಿತ್ತು, ದೀಪವೂ ಆರಿತ್ತು. ಆರಿದ್ದು ಹತ್ತೇ ದಿನಕ್ಕೆ ಹತ್ತಬೇಕಾದರೆ ಹತ್ತು ದಿನದಲ್ಲಿ ಅಷ್ಟು ಮಸಿ ಎಲ್ಲಿಂದ ಬಂತು? ಲೆಕ್ಕ ಕೂಡುವುದಿಲ್ಲ. ಸೆಪ್ಟೆಂಬರಿನ ನಡುವೆ ಎರಡು ಪುಟದ ಪತ್ರ ಬರೆದೆ. ಬೈಗುಳ ಇಲ್ಲ, ತಾರೀಕು ಮತ್ತು ಅಂಕಿ ಮಾತ್ರ. ಏಳು ಜಾಬ್ ಕಾರ್ಡಿನ ನಂಬರು, ಅವರು ಹೇಳಿದ್ದು, ಮಾಡಿದ್ದು, ಎಷ್ಟನೇ ದಿನಕ್ಕೆ ದೀಪ ತಿರುಗಿ ಬಂತು, ಎಣ್ಣೆ ಏರಿದ ಮಿಲಿಮೀಟರು. ವಾರಂಟಿ 2024ರ ಫೆಬ್ರವರಿಗೆ ಮುಗಿಯುತ್ತದೆ, ದೋಷ ತಿಳಿಸಿದ್ದು ಅದಕ್ಕೂ ಮೊದಲು ಎಂದು ಕೊನೆಯಲ್ಲಿ ಬರೆದೆ. ಒಂದು ಪ್ರತಿ ಸರ್ವಿಸ್ ಸ್ಟೇಶನ್ನಿಗೆ, ಒಂದು ಕಂಪೆನಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಪೋಸ್ಟಾಫೀಸಿನ ರಸೀದಿಯನ್ನೂ ಪುಸ್ತಕಕ್ಕೆ ಅಂಟಿಸಿದೆ.

ಉತ್ತರ ಕಾಯುವಾಗ ಕಾನೂನನ್ನೂ ಒಂದಿಷ್ಟು ಓದಿದೆ. ಅಮೆರಿಕದಲ್ಲಿ ಪದೇ ಪದೇ ಕೆಡುವ ಹೊಸ ಕಾರಿಗೆ ‘ಲೆಮನ್’ ಎನ್ನುತ್ತಾರಂತೆ, ಅಂದರೆ ಲಿಂಬೆಹುಳಿ! ನಾವು ಲಿಂಬೆಯನ್ನು ಚಕ್ರದ ಅಡಿ ಇಟ್ಟರೆ ಅವರಿಗೆ ಗಾಡಿಯೇ ಲಿಂಬೆ. ಮೊಮ್ಮಗಳು ಇದನ್ನು ಕೇಳಿ ಒಂದು ದಿನವಿಡೀ ನಗಾಡಿದಳು. ಕನೆಕ್ಟಿಕಟ್ ಎಂಬ ರಾಜ್ಯ 1982ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಮಾಡಿಯೂ ಸರಿಯಾಗದಿದ್ದರೆ, ಅಥವಾ ಒಟ್ಟು ಮೂವತ್ತು ದಿನ ಗ್ಯಾರೇಜಿನಲ್ಲೇ ಕಳೆದರೆ ಮಾಲಿಕನಿಗೆ ಬದಲಿ ಗಾಡಿಯನ್ನೋ ಹಣವನ್ನೋ ಕೇಳುವ ಹಕ್ಕು. ಬಿಕಾಂ ಓದಿದವನಾದ್ದರಿಂದ ಇನ್ನೊಂದು ಹೇಳುತ್ತೇನೆ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಈ ಲಿಂಬೆ ಕಾರುಗಳ ಮೇಲೆಯೇ ಪ್ರಬಂಧ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಇಡೀ ಸಂತೆಯೇ ಕೆಡುತ್ತದೆ ಎನ್ನುವುದು ಅದರ ಸಾರ. ಈ ಬಗೆಯ ಕೆಲಸಕ್ಕಾಗಿ 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ನಮ್ಮ ದೇಶದಲ್ಲಿ ಲಿಂಬೆಹುಳಿಯ ಕಾನೂನು ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ ಉಂಟು, 2019ರದ್ದು, 2020ರ ಜುಲೈಯಲ್ಲಿ ಜಾರಿಗೆ ಬಂತು. ಉಡುಪಿಯಲ್ಲಿಯೂ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ ಐದು ಲಕ್ಷದವರೆಗಿನದ್ದಾದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ಹೋಗಿ ಹೇಳಬಹುದು, ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ದೂರು ಬರೆಸಬಹುದು. ಆದರೆ ಗಾಡಿಯನ್ನೇ ಬದಲಿಸಿ ಕೊಡಿ ಎಂದರೆ ಸುಲಭವಿಲ್ಲ. ಕೆಟ್ಟ ಭಾಗವನ್ನು ಸರಿಮಾಡುವುದು ಅಥವಾ ಬದಲಿಸುವುದು ಎಂದಷ್ಟೇ ವಾರಂಟಿಯಲ್ಲಿ ಬರೆದಿದ್ದರೆ ಇಡೀ ಕಾರನ್ನು ಕೇಳಲಾಗದು ಎಂದು ಸುಪ್ರೀಂ ಕೋರ್ಟೇ 2006ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ತಯಾರಿಕೆಯಲ್ಲೇ ದೋಷವಿತ್ತೆಂದು ತೋರಿಸಲು ಪರಿಣತರ ಮಾತು ಬೇಕು, ಕಾಗದ ಬೇಕು. ಕಾಗದ ನನ್ನಲ್ಲಿತ್ತು. ಬೇಕಾದದ್ದು ಹೊಸ ಕಾರಲ್ಲ, ಆಟಿಯ ರಾತ್ರಿ ಪರ್ಕಳದ ಏರು ಹತ್ತುವ ಕಾರು.

ಹನ್ನೆರಡನೆಯ ದಿನಕ್ಕೆ ಫೋನು ಬಂತು. ಕಂಪೆನಿಯ ಎಂಜಿನಿಯರ್ ಬರುತ್ತಾರೆ, ಗಾಡಿ ತನ್ನಿ, ಸಾಧ್ಯವಾದರೆ ಆ ಪುಸ್ತಕವನ್ನೂ ತನ್ನಿ ಎಂದರು. ಮೊಮ್ಮಗಳೂ ಬಂದಳು. ಎಂಜಿನಿಯರ್ ಮೂವತ್ತೈದರ ಒಳಗಿನವರು. ಇಪ್ಪತ್ತು ನಿಮಿಷ ಮಾತಾಡದೆ ಪುಸ್ತಕ ಓದಿದರು. ಮತ್ತೆ ಎಂಜಿನ್ ಬಂದ್ ಮಾಡಿ, ಕೀಲಿಯನ್ನು ಮಾತ್ರ ತಿರುಗಿಸಿಟ್ಟು, ಸ್ಕ್ಯಾನರಿನಲ್ಲಿ ಒಂದು ಅಂಕಿಯನ್ನು ತೋರಿಸಿದರು. ಆ ಸೋಸುಕದ ಹಿಂದೆ ಮುಂದೆ ಹೊಗೆಯ ಒತ್ತಡ ಎಷ್ಟೆಷ್ಟಿದೆ ಎಂದು ಹೋಲಿಸುವ ಒಂದು ಪುಟ್ಟ ಸೆನ್ಸರ್ ಉಂಟು. ವ್ಯತ್ಯಾಸ ಹೆಚ್ಚಿದ್ದರೆ ಮಸಿ ತುಂಬಿದೆ ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಎಂಜಿನ್ ನಿಂತಿರುವಾಗ ಹೊಗೆಯೇ ಇಲ್ಲ, ಅಂಕಿ ಸೊನ್ನೆ ಇರಬೇಕು. ಇದ್ದದ್ದು ಸೊನ್ನೆಯಲ್ಲ.

“ಸಂತೆಯ ತಕ್ಕಡಿ!” ಎಂದಳು ಮೊಮ್ಮಗಳು. ಎಂಜಿನಿಯರ್ ನಕ್ಕು, ಹೌದು ಪುಟ್ಟ, ಅದೇ ಎಂದರು. ತಟ್ಟೆಯಲ್ಲಿ ಏನೂ ಇಡದೆಯೇ ಕಾಲು ಕಿಲೋ ತೋರಿಸುವ ತಕ್ಕಡಿ. ಅರ್ಧ ತುಂಬಿದ್ದನ್ನು ಅದು ಪೂರ್ತಿ ತುಂಬಿದೆ ಎನ್ನುತ್ತದೆ. ಕಂಪ್ಯೂಟರು ಅದನ್ನು ನಂಬಿ ಮತ್ತೆ ಮತ್ತೆ ಸುಡಲು ಹೊರಡುತ್ತದೆ, ನಮ್ಮ ಸಣ್ಣ ಓಡಾಟದಲ್ಲಿ ಅದು ಮುಗಿಯುವುದಿಲ್ಲ, ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಬೆಂಗಳೂರಿಗೆ ಓಡುತ್ತಿದ್ದರೆ ಈ ಸುಳ್ಳು ತಕ್ಕಡಿ ಇನ್ನೂ ಕೆಲವು ಕಾಲ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಪೆರ್ಡೂರಿನ ಜೀವನ ಅದನ್ನು ಬಯಲು ಮಾಡಿತು.

ಹೆಬ್ಬೆಟ್ಟಿನಷ್ಟು ದೊಡ್ಡ ಆ ಭಾಗವನ್ನು ವಾರಂಟಿಯಲ್ಲೇ ಬದಲಿಸಿದರು. ಎಣ್ಣೆಯ ಹಣ ಮಾತ್ರ ನಾವು ಕೊಡಬೇಕೆಂದರು. ಎಣ್ಣೆ ಕೆಟ್ಟದ್ದು ಸೆನ್ಸರಿನಿಂದ ಎಂದು ನೀವೇ ಹೇಳಿದ್ದಲ್ಲವಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಒಳಗೆ ಹೋಗಿ ಬಂದರು, ಅದನ್ನೂ ಬಿಟ್ಟರು. ಹಳೆಯ ಸೆನ್ಸರ್ ನಮಗೆ ಕೊಡಿ ಎಂದರೆ ಅದು ಕಂಪೆನಿಗೆ ಹಿಂದೆ ಹೋಗಬೇಕಂತೆ. ಹಾಗಾದರೆ ಫೋಟೋ ತೆಗೆಯುತ್ತೇನೆ ಎಂದು ಮೊಮ್ಮಗಳು ತೆಗೆದಳು. ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ನಾನು ಹೇಳಿದೆ, ‘ಮೊದಲ ದೂರು: 2022ರ ಡಿಸೆಂಬರ್; ಇದು ಆರನೇ ಸಲ’ ಎಂದು ಮೇಲೆ ಬರೆಯಿರಿ ಎಂದು. ಕೌಂಟರಿನವ ಬರೆದ. ಅವರ ಕಾಗದದಲ್ಲಿ ಹಿಂದಿನ ಪುಟದಿಂದ ಬಾಕಿ ಬಂದದ್ದು ಅದೇ ಮೊದಲು.

ಹೊರಡುವಾಗ ಎಂಜಿನಿಯರ್ ಹೇಳಿದರು, “ಸೆನ್ಸರ್ ಸರಿಯಾದರೂ ಸರ್, ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಅರುವತ್ತರ ಮೇಲೆ.” ಪೆರ್ಡೂರಿನಿಂದ ಹಾಗೆ ಓಡಿಸುವುದಾದರೂ ಎಲ್ಲಿ? ಹೆಬ್ರಿಯ ಕಡೆ ಕಾಡಿನ ದಾರಿ ಚಂದ, ಮುಂದೆ ಆಗುಂಬೆ ಘಾಟಿ ಇನ್ನೂ ಚಂದ. ಆದರೆ ಮಂಜು, ತಿರುವು, ಎದುರಿನಿಂದ ಬಸ್ಸು, ಒಂದೇ ವೇಗ ಎಂಬ ಮಾತೇ ಇಲ್ಲ. ಹಾಗೆ ಹುಟ್ಟಿದ್ದು ನಮ್ಮ ವಾರದ ತಿರುಗಾಟ. ಬುಧವಾರ ಮಧ್ಯಾಹ್ನದ ಊಟ ಮುಗಿಸಿ ನಾವಿಬ್ಬರು, ರಜೆಯಿದ್ದರೆ ಮೊಮ್ಮಗಳೂ ಸೇರಿ ಮೂವರು, ನೂರು ಕಿಲೋಮೀಟರಿಗೂ ಮೀರಿದ ಒಂದು ಸುತ್ತು.

ಹಿರಿಯಡ್ಕದವರೆಗೆ ಮೆಲ್ಲಗೆ. ಆ ಕಡೆಯ ಬಜೆಯಲ್ಲೇ ಸ್ವರ್ಣಾ ನದಿಗೆ ಕಟ್ಟಿದ ಅಣೆಕಟ್ಟು, ಉಡುಪಿ ಪೇಟೆಗೆ ಕುಡಿಯುವ ನೀರು ಅಲ್ಲಿಂದ. ಪರ್ಕಳದ ಏರು ಬಂದಾಗ ಇವಳು ಮಾತು ನಿಲ್ಲಿಸುತ್ತಾಳೆ, ಮಣಿಪಾಲ ಕಂಡ ಮೇಲೆ ಮುಂದುವರಿಸುತ್ತಾಳೆ. ಉಡುಪಿಯ ಗಲಾಟೆ ದಾಟಿ ಹೆದ್ದಾರಿ 66ಕ್ಕೆ ಸೇರಿದರೆ ದಕ್ಷಿಣಕ್ಕೆ ನೇರ ದಾರಿ. ಇಲ್ಲಿ ಗಾಡಿಯ ಸ್ವರವೇ ಬದಲಾಗುತ್ತದೆ, ಕಟ್ಟಿದ ಗಂಟಲು ಬಿಟ್ಟ ಹಾಗೆ. ಬೇಕಾದಷ್ಟು ಓಡಲೆಂದು ಮೊದಲು ಪಡುಬಿದ್ರಿಯ ತನಕ ಹೋಗಿ, ಹೆಜಮಾಡಿಯ ಟೋಲ್ ಬರುವ ಮುನ್ನವೇ ತಿರುಗಿ ಕಾಪುವಿಗೆ ಬರುತ್ತೇವೆ. ಟೋಲಿನ ಹಣ ಉಳಿಸುವುದು ನನ್ನ ಹಳೆಯ ಅಭ್ಯಾಸ.

ಕಾಪುವಿನಲ್ಲಿ ಮೂರು ಮಾರಿಗುಡಿ, ಕಡಲ ಬದಿಯ ಬಂಡೆಯ ಮೇಲೆ 1901ರ ದೀಪಸ್ತಂಭ. ಬಂಡೆ ಹತ್ತುವುದು ಈಗ ನಮ್ಮಿಬ್ಬರಿಂದ ಆಗದ್ದು. ಮರಳಿನ ಮೇಲೆ ಕೂತು ಗಾಳಿ ತೆಗೆದುಕೊಳ್ಳುತ್ತೇವೆ. ಕಡಲಗಾಳಿಗೆ ಇವಳ ಉಸಿರು ಹಗುರವಾಗುತ್ತದೆ. ವೈದ್ಯರು ಅದನ್ನು ಒಪ್ಪುವುದೂ ಇಲ್ಲ, ಬೇಡ ಎನ್ನುವುದೂ ಇಲ್ಲ. ಪಕ್ಕದ ಶಂಕರಪುರ ಮಲ್ಲಿಗೆಯ ಊರು. ಅಲ್ಲಿಯ ಹೂವಿಗೆ ಚೆಂಡು, ಅಟ್ಟೆ ಎಂದು ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇವಳು ಒಂದು ಚೆಂಡು ಕೊಳ್ಳುತ್ತಾಳೆ. ದರ ದಿನಕ್ಕೊಂದು. ಅದನ್ನೂ ಪುಸ್ತಕದಲ್ಲಿ ಬರೆಯಬೇಕೆಂದು ಮೊಮ್ಮಗಳ ಹಟ.

ಬರುವಾಗ ಪುನಃ ಪಡುಬಿದ್ರಿ, ಬೆಳ್ಮಣ್, ನಿಟ್ಟೆ, ಕಾರ್ಕಳ. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಅರಸ ನಿಲ್ಲಿಸಿದ, ಎತ್ತರ 42 ಅಡಿ, ಒಂದೇ ಕಲ್ಲು. ಬೇರೆ ಕಡೆ ಕೆತ್ತಿ ಬಂಡಿಯಲ್ಲಿ ಎಳೆದು ಬೆಟ್ಟಕ್ಕೆ ಏರಿಸಿದ್ದೆಂದು ಹೇಳುತ್ತಾರೆ. “ಆ ಬಂಡಿಯ ಚಕ್ರ ಅರ್ಧ ದಾರಿಯಲ್ಲಿ ಕೈಕೊಟ್ಟಿದ್ರೆ ಎಂತ ಮಾಡ್ತಿದ್ರು ಅಜ್ಜ?” ಎಂದು ಮೊಮ್ಮಗಳು ಕೇಳಿದಳು. ಬಡಗಿ ಅಲ್ಲೇ ಪಕ್ಕದಲ್ಲಿ ನಡೆಯುತ್ತಿದ್ದಿರಬೇಕು, ಅವನಿಗೆ ಯಾವ ಚಕ್ರ ಎಷ್ಟು ಸಲ ಬಿಗಿ ಮಾಡಿದ್ದೆಂದು ನೆನಪಿದ್ದಿರಬೇಕು ಎಂದೆ. ಕಾರ್ಕಳದಿಂದ ಬೈಲೂರಿನ ದಾರಿಯಾಗಿ ಹಿರಿಯಡ್ಕ, ಮಗಳ ಮನೆಯಲ್ಲಿ ಕಾಫಿ, ಕತ್ತಲೆಗೆ ಪೆರ್ಡೂರು.

ಆ ಸೆನ್ಸರ್ ಬದಲಿಸಿದ ಮೇಲೆ ಹಳದಿ ದೀಪ ಹತ್ತಿಲ್ಲ. ಮರುವರ್ಷದ ಆಟಿಯಲ್ಲಿ ಒಂದು ರಾತ್ರಿ ಇವಳನ್ನು ಪುನಃ ಕರೆದುಕೊಂಡು ಹೋಗಬೇಕಾಯಿತು. ಹೊರಟ ಹೊತ್ತು 1.10, ತಲುಪಿದ್ದು 1.40 ಎಂದು ಪುಸ್ತಕದಲ್ಲಿದೆ, ಬೇರೇನೂ ಬರೆದಿಲ್ಲ. ವಾರಂಟಿ ಮುಗಿಯುವ ಮೊದಲು ಹಣ ಕಟ್ಟಿ ಎರಡು ವರ್ಷ ಮುಂದುವರಿಸಿದೆ. ಮಗ ಫೋನಿನಲ್ಲಿ, “ಅಪ್ಪ, ಅದನ್ನು ಕೊಟ್ಟು ಸಣ್ಣ ಪೆಟ್ರೋಲ್ ಗಾಡಿ ತಗೊಳ್ಳುವನಾ?” ಎಂದು ಒಮ್ಮೆ ಕೇಳಿದ. ಆ ಗಾಡಿಗೆ ಮಸಿಯ ತೊಂದರೆ ಇಲ್ಲ, ಸಣ್ಣ ಓಡಾಟಕ್ಕೆ ಅದೇ ಸರಿ, ಲೆಕ್ಕ ಹಾಕಿದರೆ ಅವನ ಮಾತು ನ್ಯಾಯವೇ. ಇವಳು ಫೋನು ಕಿತ್ತುಕೊಂಡು, “ಹಾಗಾದ್ರೆ ಬುಧವಾರ ಕಾಪುವಿಗೆ ಹೋಗ್ಲಿಕ್ಕೆ ಕಾರಣ ಎಂತ ಹೇಳುವುದು?” ಎಂದಳು. ಆ ಮಾತು ಅಲ್ಲಿಗೇ ನಿಂತಿತು.

ಕಳೆದ ಭಾನುವಾರ ಎಣ್ಣೆ ಮೇಲಿನ ಗೆರೆಗಿಂತ ಒಂದು ಮಿಲಿಮೀಟರ್ ಕೆಳಗಿತ್ತು, ಇರಬೇಕಾದ ಹಾಗೆಯೇ. ಆದರೆ ಮಳೆ ಜೋರಾದರೆ ಹಾರ್ನ್ ಕೂಗುವುದಿಲ್ಲ, ಬಿಸಿಲು ಬಂದರೆ ಕೂಗುತ್ತದೆ. ಮೊಮ್ಮಗಳು ಹೊಸ ಪುಟಕ್ಕೆ ಗೆರೆ ಎಳೆದು ‘ಹಾರ್ನ್, ಮೊದಲ ಸಲ’ ಎಂದು ಬರೆದಿಟ್ಟಿದ್ದಾಳೆ.